ಝೂಮ್ ಎಚ್1 ಎಸೆನ್ಷಿಯಲ್: ತತ್ವಪದಕ್ಕೆ, ಹಿರಿಯರ ಮಾತಿಗೆ, ಜಾತ್ರೆಯ ಹಲಗಿಗೆ ಒಂದೇ ರೆಕಾರ್ಡರ್ ಸಾಕೇ?

ಭಜನಾ ಮೇಳವೊಂದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿ ನೋಡಿ. ಎಲ್ಲಕ್ಕಿಂತ ಮೊದಲು ಕಾಣೆಯಾಗುವುದು ಏಕತಾರಿ. ಹೆಚ್ಚಿನ ಫೋನುಗಳ ರೆಕಾರ್ಡಿಂಗ್ ವ್ಯವಸ್ಥೆ ಮಾತಿಗೆಂದೇ ಹೊಂದಿಸಿದ್ದು. ಒಂದೇ ಸಮನೆ ಮೀಟುವ ತಂತಿಯ ದನಿಯನ್ನು ಅದು ಫ್ಯಾನಿನ ಸದ್ದೆಂದೇ ತಿಳಿದು ಅದುಮುತ್ತದೆ. ದಮ್ಮಡಿಗೆ (ಕೈಯಲ್ಲಿ ಹಿಡಿದು ಬಾರಿಸುವ ಚರ್ಮವಾದ್ಯ) ಜೋರು ಪೆಟ್ಟು ಬಿದ್ದಾಗಲೆಲ್ಲ ಫೋನು ತಾನಾಗಿ ರೆಕಾರ್ಡಿಂಗ್ ಮಟ್ಟ ಇಳಿಸುತ್ತದೆ, ಅದರ ಹಿಂದೆಯೇ ಬರುವ ಶಬ್ದ ಕುಗ್ಗಿ ಕೇಳಿಸುತ್ತದೆ. ನಡುವೆ ಯಾರದಾದರೂ ಕರೆ ಬಂದರೆ ಪದ ಅಲ್ಲಿಗೇ ತುಂಡಾಯಿತು. ತತ್ವಪದಕಾರರಾದ ಕಡಕೋಳ ಮಡಿವಾಳಪ್ಪನವರ, ಚೆನ್ನೂರ ಜಲಾಲಸಾಹೇಬರ, ಖೈನೂರ ಕೃಷ್ಣಪ್ಪನವರ ಪದಗಳು ಕಲಬುರಗಿ, ಯಾದಗಿರಿ, ಬೀದರ ಕಡೆ ಇಂದಿಗೂ ಬಾಯಿಂದ ಬಾಯಿಗೆ ನಡೆದಿವೆ. ಪುಸ್ತಕದಲ್ಲಿ ಸಾಲುಗಳು ಸಿಗಬಹುದು, ಮಟ್ಟು, ಅಂದರೆ ಹಾಡುವ ಧಾಟಿ, ಸಿಗುವುದಿಲ್ಲ. ಅದು ಸಿಗುವುದು ರೆಕಾರ್ಡಿಂಗಿನಲ್ಲಿ ಮಾತ್ರ. ಅದಕ್ಕೇ ಒಳ್ಳೆಯ ರೆಕಾರ್ಡರ್ ಯಾವುದು, ಅದನ್ನು ಎಲ್ಲಿ ಇಡಬೇಕು ಎಂಬ ಪ್ರಶ್ನೆ ಈ ಭಾಗದ ಜಾನಪದ ವಿದ್ಯಾರ್ಥಿಗಳಿಗೆ, ವರದಿಗಾರರಿಗೆ, ಭಜನಾ ಮಂಡಳಿಯವರಿಗೆ ಸಣ್ಣದಲ್ಲ.

ಝೂಮ್ ಕಂಪನಿಯ ಎಚ್1 ಎಸೆನ್ಷಿಯಲ್ 2024ರಲ್ಲಿ ಬಂದ ರೆಕಾರ್ಡರ್. ಇದರ ಹಿಂದಿನದು ಎಚ್1ಎನ್. ಅಂಗೈಯಲ್ಲಿ ಹಿಡಿಸುವಷ್ಟು ಉದ್ದ, ಪ್ಲಾಸ್ಟಿಕ್ ಮೈ. ತುದಿಯಲ್ಲಿ ಪಂಜರದೊಳಗೆ ಎರಡು ಮೈಕು, ಒಂದಕ್ಕೊಂದು 90 ಡಿಗ್ರಿ ಕೋನದಲ್ಲಿ ಅಡ್ಡಹಾಯ್ದು ಕೂತಿವೆ. ಎರಡು ತ್ರಿಬಲ್ ಎ ಸೆಲ್ ಬೇಕು. ಅವೇ, ಟಿವಿ ರಿಮೋಟಿಗೆ ಹಾಕುವ ಸಣ್ಣ ಸೆಲ್ಲು. ಒಳಗೆ ಮೆಮೊರಿ ಇಲ್ಲ. ಮೈಕ್ರೋ ಎಸ್‌ಡಿ ಕಾರ್ಡ್ ಬೇರೆ ತರಬೇಕು, 1 ಟಿಬಿವರೆಗೆ ತೆಗೆದುಕೊಳ್ಳುತ್ತದೆ. ಯುಎಸ್‌ಬಿ-ಸಿ ಕಿಂಡಿಯಿದೆ, ಕಂಪ್ಯೂಟರಿಗೆ ಜೋಡಿಸಿದರೆ ಆನ್‌ಲೈನ್ ಪಾಠಕ್ಕೆ ಮೈಕಾಗಿಯೂ ದುಡಿಯುತ್ತದೆ. ಹೊರಗಿನ ಮೈಕಿಗೆ 3.5 ಮಿ.ಮೀ. ಕಿಂಡಿ, ಹೆಡ್‌ಫೋನಿಗೆ ಇನ್ನೊಂದು, ಬೆನ್ನ ಹಿಂದೆ ಟ್ರೈಪಾಡಿನ ತಿರುಪು. ಅಮೆರಿಕದಲ್ಲಿ ಬಿಡುಗಡೆಯಾದಾಗಿನ ಬೆಲೆ 99.99 ಡಾಲರ್. ನಮ್ಮಲ್ಲಿ ತೆರಿಗೆ ಸೇರಿ ಅದಕ್ಕಿಂತ ಹೆಚ್ಚೇ ಬೀಳುತ್ತದೆ.

ಇದರಲ್ಲಿ ರೆಕಾರ್ಡಿಂಗ್ ಮಟ್ಟ ಹೊಂದಿಸುವ ಗುಂಡಿಯೇ ಇಲ್ಲ. ಕೊಳ್ಳುವವರು ಮೊದಲು ತಿಳಿಯಬೇಕಾದ ಸಂಗತಿ ಇದೇ.

ಗುಂಡಿ ಇಲ್ಲದ್ದು ಕೊರತೆಯೋ ಅನುಕೂಲವೋ

ಸಾಮಾನ್ಯ ರೆಕಾರ್ಡರ್ 16 ಬಿಟ್ ಇಲ್ಲವೇ 24 ಬಿಟ್‌ನಲ್ಲಿ ಬರೆಯುತ್ತದೆ. ಅಲ್ಲಿ ದನಿಗೊಂದು ಮೇಲಿನ ಗಡಿ ಇದೆ, ಅದೇ ಸೊನ್ನೆ ಡೆಸಿಬಲ್. ಹಾಡುವ ಯಜಮಾನರು ಮೆಲ್ಲಗೆ ಶುರು ಮಾಡಿದರೆಂದು ಮಟ್ಟ ಏರಿಸಿ ಇಟ್ಟಿರಿ ಎನ್ನೋಣ. ಎರಡನೆಯ ನುಡಿಗೆ ದಮ್ಮಡಿ, ತಾಳ ಸೇರಿದ ಕೂಡಲೇ ಅಲೆಯ ತಲೆ ಆ ಗಡಿಗೆ ಬಡಿದು ಚಪ್ಪಟೆಯಾಗುತ್ತದೆ. ಕೇಳುವಾಗ ಅದು ಹರಿದ ಸ್ಪೀಕರಿನ ಕರಕರ. ಹಾಗೆ ಒಮ್ಮೆ ಒಡೆದ ದನಿಯನ್ನು ಯಾವ ತಂತ್ರಾಂಶವೂ ಮೊದಲಿನಂತೆ ಕೂಡಿಸಲಾರದು. ಅದರ ಹೆದರಿಕೆಗೆ ಮಟ್ಟ ಬಹಳ ಇಳಿಸಿದರೆ ಮಾತು ಗೊರಗೊರ ಸದ್ದಿನಲ್ಲಿ ಮುಳುಗುತ್ತದೆ.

ಎಚ್1 ಎಸೆನ್ಷಿಯಲ್ ಬರೆಯುವುದು 32 ಬಿಟ್ ಫ್ಲೋಟ್ ಎಂಬ ಕ್ರಮದಲ್ಲಿ. ಈ ಫೈಲಿನಲ್ಲಿ ಸೊನ್ನೆ ಡೆಸಿಬಲ್ಲಿನ ಮೇಲೆ ಹೋದ ದನಿಯೂ ಪೂರ್ತಿಯಾಗಿಯೇ ಉಳಿದಿರುತ್ತದೆ. ಆಮೇಲೆ ಕಂಪ್ಯೂಟರಿನಲ್ಲಿ ಇಳಿಸಿಕೊಂಡರೆ ಅಲೆಯ ತಲೆ ಇಡಿಯಾಗಿ ಮರಳುತ್ತದೆ. ಮೆಲ್ಲನೆಯ ಮಾತನ್ನೂ ಹಾಗೆಯೇ ಏರಿಸಿಕೊಳ್ಳಬಹುದು. ತೆರೆಯ ಮೇಲೆ ಕಾಣುವ ಅಲೆಯನ್ನು ದೊಡ್ಡದು ಚಿಕ್ಕದು ಮಾಡಿಕೊಳ್ಳಬಹುದು. ಹೆಡ್‌ಫೋನಿನಲ್ಲಿ ಕೇಳುವಾಗ ಒಡೆದಂತೆ ಅನಿಸಿದರೂ ಫೈಲು ಚೆನ್ನಾಗಿಯೇ ಇರಬಹುದು. ಹೆಡ್‌ಫೋನಿನ ದನಿಗೆ ಅದರದೇ ಮಿತಿ ಇದೆ.

ಆದರೆ ಜಾಹೀರಾತು ಓದಿದವರು ಇಲ್ಲೊಂದು ತಪ್ಪು ತಿಳಿಯುತ್ತಾರೆ. ಫೈಲಿಗೆ ಗಡಿ ಇಲ್ಲ ಎಂದರೆ ಮೈಕಿಗೂ ಗಡಿ ಇಲ್ಲ ಎಂದಲ್ಲ. ಈ ಮೈಕುಗಳು ತಡೆಯುವುದು 120 ಡೆಸಿಬಲ್ಲಿನ ಒತ್ತಡದವರೆಗೆ (ಇದು ಗಾಳಿಯಲ್ಲಿನ ಸದ್ದಿನ ಅಳತೆ, ಫೈಲಿನ ಸೊನ್ನೆ ಡೆಸಿಬಲ್ ಬೇರೆ). ರಥದ ಮುಂದೆ ಮದ್ದು ಸುಡುವಾಗ, ಹಲಗಿಯವರ ಪಕ್ಕದಲ್ಲೇ ನಿಂತಾಗ, ಡಿಜೆ ಡಬ್ಬದ ಎದುರು ಹೋದಾಗ ಮೈಕಿನ ಪರದೆಯೇ ತತ್ತರಿಸುತ್ತದೆ. ಅಲ್ಲಿ ಒಡೆದದ್ದು ಒಡೆದಂತೆಯೇ ಫೈಲಿಗೆ ಇಳಿಯುತ್ತದೆ. ಗಾಳಿಯ ಗುದ್ದೂ ಹಾಗೆಯೇ. ಇಷ್ಟು ಸಣ್ಣ ಮೈಕಿಗೆ ತನ್ನದೇ ಒಂದು ಸಣ್ಣ ಸುಯ್ಯೆನ್ನುವ ಸದ್ದೂ ಇರುತ್ತದೆ. ದೂರ ಇಟ್ಟು, ಆಮೇಲೆ 30 ಡೆಸಿಬಲ್ ಏರಿಸಿದರೆ ಆ ಸದ್ದೂ ಜೊತೆಗೇ ಏರುತ್ತದೆ.

ಅಂದರೆ ಈ ಯಂತ್ರ ಮಟ್ಟದ ಚಿಂತೆಯನ್ನು ತೆಗೆದುಹಾಕುತ್ತದೆ, ದೂರದ ಚಿಂತೆಯನ್ನಲ್ಲ. ಎಲ್ಲಿ ಇಡುತ್ತೀರಿ ಎನ್ನುವುದರ ಮೇಲೆಯೇ ಎಲ್ಲವೂ ನಿಂತಿದೆ.

ಎಲ್ಲಿ ಇಡಬೇಕು

ಮೊದಲು ತುದಿಯ ಮಾತು. ಎಚ್1ರ ಮೈಕುಗಳು ನೋಡುವುದು ಯಂತ್ರದ ತುದಿಯ ಕಡೆಗೆ, ತೆರೆಯ ಕಡೆಗಲ್ಲ. ಬಹಳ ಜನ ಸಭೆಯ ಮೈಕಿನಂತೆ ನೆಟ್ಟಗೆ ಹಿಡಿದು ತೆರೆಯನ್ನು ಮಾತಾಡುವವರ ಮುಖಕ್ಕೆ ತಿರುಗಿಸುತ್ತಾರೆ. ಆಗ ಮೈಕುಗಳು ಛತ್ತಿನ ಫ್ಯಾನನ್ನು ನೋಡುತ್ತಿರುತ್ತವೆ. ತುದಿಯನ್ನು ಬಾಯಿಯ ಕಡೆ ವಾಲಿಸಬೇಕು.

ಒಬ್ಬರೇ ಮಾತಾಡುವಾಗ ಬಾಯಿಂದ 25–30 ಸೆಂ.ಮೀ. ದೂರ, ಎದೆಯ ಎತ್ತರ, ಸ್ವಲ್ಪ ಓರೆಗೆ. ನೇರ ಬಾಯಿಯ ಮುಂದೆ ಇಟ್ಟರೆ ‘ಪ’, ‘ಫ’, ‘ಭ’ ಬಂದಾಗಲೆಲ್ಲ ಉಸಿರು ಗುದ್ದುತ್ತದೆ. ದೂರ ದುಪ್ಪಟ್ಟಾದರೆ ನೇರ ಬರುವ ದನಿ 6 ಡೆಸಿಬಲ್ ಇಳಿಯುತ್ತದೆ, 25 ಸೆಂ.ಮೀ. ಇದ್ದದ್ದು ಒಂದು ಮೀಟರ್ ಆದರೆ 12 ಡೆಸಿಬಲ್. ಅದೇ ವೇಳೆ ಕೋಣೆಯ ಪ್ರತಿಧ್ವನಿ, ಫ್ಯಾನು, ಹೊರಗಿನ ಗಾಡಿಗಳ ಸದ್ದು ಇದ್ದಷ್ಟೇ ಇರುತ್ತವೆ. ‘ದೂರದಿಂದ ಬಾವಿಯೊಳಗೆ ಮಾತಾಡಿದಂಗ ಕೇಳಸ್ತದ’ ಎಂಬ ದೂರಿನ ಹಿಂದೆ ಇರುವುದು ಈ ಲೆಕ್ಕವೇ.

ನಮ್ಮ ಕಡೆ ಈ ಲೆಕ್ಕ ಇನ್ನೂ ಬಿಗಿ. ಹೆಚ್ಚಿನ ಮನೆಗಳಲ್ಲಿ ನೆಲಕ್ಕೆ ಶಹಾಬಾದ್ ಫರಸಿ, ಗೋಡೆಗೆ ಸಿಮೆಂಟು, ಮೇಲೆ ಆರ್‌ಸಿಸಿ ಇಲ್ಲವೇ ತಗಡು. ಮೂರೂ ದನಿಯನ್ನು ಹೀರದೆ ಹಿಂದಕ್ಕೆ ಎಸೆಯುತ್ತವೆ. ಇದಕ್ಕೆ ಮದ್ದು ಆ ಮನೆಯಲ್ಲೇ ಇದೆ: ಕೌದಿ. ಒಂದು ಕೌದಿಯನ್ನು ಮಾತಾಡುವವರ ಕೆಳಗೆ ಹಾಸಿ, ಇನ್ನೊಂದನ್ನು ರೆಕಾರ್ಡರಿನ ಎದುರಿನ ಗೋಡೆಗೆ, ಅಂದರೆ ಅವರ ಬೆನ್ನ ಹಿಂದೆ, ಹಗ್ಗಕ್ಕೆ ತೂಗು ಹಾಕಿ. ಪದರು ಪದರಾಗಿ ಹೊಲಿದ ಹಳೆಯ ಬಟ್ಟೆ ಮಾತಿನ ಮೇಲ್‌ಸ್ವರಗಳ ಪ್ರತಿಧ್ವನಿಯನ್ನು ಚೆನ್ನಾಗಿ ನುಂಗುತ್ತದೆ. ಕೋಣೆಯ ಸರಿ ನಡುವೆ ಕೂರಿಸದೆ ಒಂದು ಪಕ್ಕಕ್ಕೆ ಸರಿಸಿದರೆ ಇನ್ನೂ ಒಳ್ಳೆಯದು. ಕಾಳಿನ ಚೀಲ ಒಟ್ಟಿದ ಕೋಣೆ ಸಿಕ್ಕರೆ ಅದನ್ನು ಬಿಡಬೇಡಿ, ಸ್ಟುಡಿಯೋಕ್ಕೆ ಹತ್ತಿರದ ಜಾಗ ಅದೇ.

ಇನ್ನೊಂದು ತುದಿಯ ಉದಾಹರಣೆ ಬೇಕಿದ್ದರೆ ಕಲಬುರಗಿ ಕೋಟೆಯೊಳಗಿನ ಜಾಮಾ ಮಸೀದಿ. 1367ರಲ್ಲಿ ಕಟ್ಟಿದ್ದು, ನಡುವೆ ಬಯಲು ಅಂಗಳವಿಲ್ಲದೆ ಪೂರ್ತಿ ಗುಮ್ಮಟಗಳಿಂದ ಮುಚ್ಚಿದ ಕಟ್ಟಡ. ಅಂಥ ಕಡೆ ಮಾರ್ಗದರ್ಶಿಯೊಬ್ಬರ ವಿವರಣೆಯನ್ನು ಎರಡು ಮೀಟರ್ ದೂರದಿಂದ ಹಿಡಿದರೆ ಒಂದು ಪದದ ಬಾಲ ಮುಂದಿನ ಪದದ ತಲೆಯ ಮೇಲೆ ಕೂರುತ್ತದೆ. ಅಲ್ಲಿ ಅಂಗಿಗೆ ಸಿಕ್ಕಿಸುವ ಕಾಲರ್ ಮೈಕು ಬಿಟ್ಟರೆ ದಾರಿಯಿಲ್ಲ.

ಮೇಳದ ಹಾಡಿಗೆ ಲೆಕ್ಕ ಬೇರೆ. ಐದಾರು ಜನ ಅರ್ಧಚಂದ್ರದಂತೆ ಕೂತಿರುವಾಗ ರೆಕಾರ್ಡರ್ ಮುಂದಿನ ಹಾಡುಗಾರರಿಂದ ಒಂದರಿಂದ ಒಂದೂವರೆ ಮೀಟರ್ ದೂರದಲ್ಲಿ ಇರಲಿ. ನೆಲದ ಮೇಲೆ ಕೂತವರ ಬಾಯಿಯ ಎತ್ತರಕ್ಕೆ, ಅಂದರೆ ನೆಲದಿಂದ 70–80 ಸೆಂ.ಮೀ. ಮೇಲೆ, ಸಣ್ಣ ಟ್ರೈಪಾಡಿನ ಮೇಲೆ ನಿಲ್ಲಿಸಿ. ದಮ್ಮಡಿಯವರನ್ನು ಅರ್ಧಚಂದ್ರದ ತುದಿಗೆ ಕಳಿಸಿ, ಏಕತಾರಿಯವರನ್ನು ನಡುವೆ ಮುಂದಕ್ಕೆ ತನ್ನಿ. ತಾಳದವರು ಎರಡನೆಯ ಸಾಲಿಗೆ. ತಾಳದ ಕಂಚಿನ ದನಿ ಎಷ್ಟು ಚೂಪೆಂದರೆ ಎರಡು ಮೀಟರ್ ಆಚೆಯಿಂದಲೂ ಎಲ್ಲರನ್ನೂ ದಾಟಿ ಬರುತ್ತದೆ. ಹೀಗೆ ಕೂರಿಸುವುದು ಅಷ್ಟು ಸುಲಭವಲ್ಲ, ಮೇಳದವರಿಗೆ ಅವರವರ ಜಾಗ ರೂಢಿಯಾಗಿರುತ್ತದೆ. ಅವರನ್ನು ಎಬ್ಬಿಸಲು ಮನಸ್ಸಾಗದಿದ್ದರೆ ರೆಕಾರ್ಡರನ್ನೇ ಏಕತಾರಿಯ ಕಡೆ ಒಂದಡಿ ಸರಿಸಿ, ಮುಕ್ಕಾಲು ಕೆಲಸ ಆಗುತ್ತದೆ. ಒಂದು ನುಡಿ ಹಾಡಿಸಿ, ಹೆಡ್‌ಫೋನಿನಲ್ಲಿ ಕೇಳಿ, ಆಮೇಲೆ ಪೂರ್ತಿ ಪದಕ್ಕೆ ಹೋಗಿ. ಯಂತ್ರದ ಒಳಗಿನ ಸ್ಪೀಕರ್ ದನಿ ಬಂದಿದೆಯೋ ಇಲ್ಲವೋ ನೋಡಲಷ್ಟೇ ಸಾಕು, ಗುಣ ಅಳೆಯಲು ಅದನ್ನು ನಂಬಬಾರದು.

ಬೀದರದ ಬಿದರಿ ಕೆಲಸದವರ ಸಂದರ್ಶನಕ್ಕೆ ಹೋಗುವವರಿಗೆ ಒಂದು ಮಾತು: ಉಳಿಯ ಪೆಟ್ಟಿನ ಜೊತೆಗೇ ಮಾತು ಹಿಡಿಯಲು ಹೋಗಬೇಡಿ. ಲೋಹದ ಚೂಪು ಸದ್ದು ಮಾತಿನ ವ್ಯಂಜನಗಳ ಮೇಲೆಯೇ ಬಂದು ಬೀಳುತ್ತದೆ. ಮಾತು ಬೇರೆ, ಕೆಲಸದ ಸದ್ದು ಬೇರೆ ರೆಕಾರ್ಡ್ ಮಾಡಿ, ಆಮೇಲೆ ಹದವಾಗಿ ಕೂಡಿಸಿಕೊಳ್ಳಿ.

ಫ್ಯಾನು, ಗಾಳಿ, ಕೈಯ ಸದ್ದು

ಎಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರುಗಳಲ್ಲಿ ಎಂಬತ್ತು ವರ್ಷದ ಮುತ್ಯಾನಿಗೆ ಫ್ಯಾನ್ ಬಂದ್ ಮಾಡಿ ಕೂಡ್ರಿ ಎನ್ನುವುದು ಸರಿಯಲ್ಲ. ಬೆಳಗ್ಗೆ 6ರಿಂದ 8ರೊಳಗೆ ಹೋಗುವುದೇ ಉತ್ತಮ. ಆಗ ಫ್ಯಾನೂ ಬೇಡ, ರಸ್ತೆಯೂ ಸುಮ್ಮನಿರುತ್ತದೆ. ಹಳ್ಳಿಯಾದರೆ ತ್ರೀ ಫೇಸ್ ಕರೆಂಟ್ ಎಷ್ಟು ಹೊತ್ತಿಗೆ ಬರುತ್ತದೆ ಎಂದು ಹಿಂದಿನ ದಿನವೇ ಕೇಳಿಟ್ಟುಕೊಳ್ಳಿ. ಅದು ಬಂದ ಕೂಡಲೇ ಹಿಟ್ಟಿನ ಗಿರಣಿ, ಬೋರಿನ ಮೋಟರು ಎಲ್ಲ ಒಟ್ಟಿಗೆ ಶುರುವಾಗುತ್ತವೆ. ಫ್ಯಾನ್ ಬೇಕೇ ಬೇಕು ಎಂದಾದರೆ ರೆಕಾರ್ಡರ್ ಅದರ ಗಾಳಿಯ ನೇರಕ್ಕೆ ಬರದಂತೆ ನೋಡಿ, ಕೆಳಸ್ವರದ ಗುಂಯ್ ಸದ್ದನ್ನು ಕತ್ತರಿಸುವ ‘ಲೋ ಕಟ್’ ಹಾಕಿ. ಕೂಲರ್ ಮಾತ್ರ ಬೇಡ, ನೀರಿನ ಪಂಪು ಮತ್ತು ಮೋಟರಿನ ಸದ್ದನ್ನು ಆಮೇಲೆ ತೆಗೆಯಲು ಹೋದರೆ ಮಾತೂ ಜೊತೆಗೆ ಕಿತ್ತು ಬರುತ್ತದೆ.

ಬಯಲಿನಲ್ಲಿ ಗಾಳಿ ದೊಡ್ಡ ಶತ್ರು. ಬೀದರ ಕೋಟೆಯ ಮೇಲೆ, ಯಾದಗಿರಿ ಬೆಟ್ಟದ ಮೇಲೆ ಬರಿಯ ಯಂತ್ರ ಹಿಡಿದು ನಿಂತರೆ ಗುಡುಗುಡು ಬಿಟ್ಟು ಬೇರೇನೂ ಬರುವುದಿಲ್ಲ. ಸ್ಪಂಜಿನ ಟೋಪಿ ಉಸಿರಿನ ಗುದ್ದಿಗೆ ಸಾಕು, ಬಯಲ ಗಾಳಿಗೆ ಸಾಲದು. ತುಪ್ಪಳದ ಟೋಪಿಯೇ ಬೇಕು. ಅದನ್ನು ಬೇರೆ ಕೊಳ್ಳಬೇಕು, ಕೊಂಡೇ ತೀರಬೇಕು. ಕೂದಲಿನ ಎಳೆಗಳು ಗಾಳಿಯನ್ನು ಮೈಕಿಗೆ ತಲುಪುವ ಮೊದಲೇ ಚದುರಿಸುತ್ತವೆ. ಟೋಪಿ ಪಂಜರಕ್ಕೆ ಅಂಟಿಕೊಂಡು ಕೂರದೆ ನಡುವೆ ಸ್ವಲ್ಪ ಜಾಗ ಇರಬೇಕು. ಕರಿಮಣ್ಣಿನ ಹೊಲದ ದೂಳು ಕೂತಾಗ ಅದನ್ನು ತೆಗೆದು ಝಾಡಿಸಿ. ಮೈಕಿಗೆ ಬಾಯಿಂದ ಊದಬೇಡಿ, ಉಗುಳಿನ ಹನಿ ಒಳಗೆ ಹೋಗುತ್ತದೆ.

ಕಲಬುರಗಿಯ ಶರಣಬಸವೇಶ್ವರ ಜಾತ್ರೆಯ ರಥೋತ್ಸವದಂಥ ಕಡೆ ರಥದ ಹತ್ತಿರ ನುಗ್ಗುವುದಕ್ಕಿಂತ ಮಾಳಿಗೆಯೊಂದರ ಮೇಲೆ ಜಾಗ ಕೇಳಿ ನಿಲ್ಲುವುದು ಮೇಲು. ಜನರ ಜಯಘೋಷ, ಹಲಗಿ, ಗಂಟೆ ಎಲ್ಲ ಹದವಾಗಿ ಬೆರೆತು ಬರುತ್ತವೆ, 120 ಡೆಸಿಬಲ್ಲಿನ ಗಡಿಯೂ ದೂರ ಉಳಿಯುತ್ತದೆ. ಮಟ್ಟದ ಗುಂಡಿ ಇಲ್ಲದಿರುವುದರ ನಿಜವಾದ ಲಾಭ ಇಂಥ ಕಡೆಯೇ ಕಾಣುವುದು: ಪಿಸುಮಾತಿನಿಂದ ಮದ್ದಿನ ಸದ್ದಿನವರೆಗೆ ಯಾವುದು ಯಾವಾಗ ಬರುತ್ತದೋ ಹೇಳಲಾಗದು.

ಈ ಯಂತ್ರದ ದೊಡ್ಡ ದೋಷ ಕೈಯ ಸದ್ದು. ಮೈ ಹಗುರ, ಪ್ಲಾಸ್ಟಿಕ್; ಬೆರಳು ಸರಿದರೂ ಸರ್ ಎಂದು ಬರೆದುಕೊಳ್ಳುತ್ತದೆ. ಕೈಯಲ್ಲಿ ಹಿಡಿದು ಸಂದರ್ಶನ ಮಾಡುವ ವರದಿಗಾರರಿಗೆ ಇದು ಕಿರಿಕಿರಿ. ಟ್ರೈಪಾಡಿನ ಹಿಡಿಕೆಗೆ ತಿರುಪಿ ಹಿಡಿದರೆ ಬಹಳ ಕಡಿಮೆಯಾಗುತ್ತದೆ. ಟೇಬಲ್ಲಿನ ಮೇಲೆ ಬರಿದೆ ಇಟ್ಟರೆ ಚಹಾ ಕಪ್ಪು ಇಟ್ಟ ಸದ್ದು ಸುತ್ತಿಗೆಯ ಪೆಟ್ಟಾಗಿ ಬರುತ್ತದೆ. ನಾಲ್ಕು ಮಡಿಕೆ ಮಾಡಿದ ಟವೆಲ್ ಕೆಳಗಿರಲಿ. ಮೊಬೈಲು ಒಂದು ಮೀಟರಿಗಿಂತ ಹತ್ತಿರ ಬೇಡ. ನೆಟ್‌ವರ್ಕ್ 2ಜಿಗೆ ಇಳಿಯುವ ಹಳ್ಳಿಗಳಲ್ಲಿ ಅದು ಟವರಿನೊಡನೆ ಮಾತಾಡುವಾಗಿನ ಗರ್‌ಗರ್ ರೆಕಾರ್ಡಿಂಗಿನೊಳಗೆ ನುಸುಳುತ್ತದೆ. ಏರ್‌ಪ್ಲೇನ್ ಮೋಡ್ ಹಾಕಿದರೆ ಚಿಂತೆಯೇ ಇಲ್ಲ.

ಸೆಲ್ಲು ಮತ್ತು ಕಾರ್ಡು

ಆಲ್ಕಲೈನ್ ಸೆಲ್ ಹಾಕಿದರೆ ಸುಮಾರು 10 ಗಂಟೆ ಎಂದು ಕಂಪನಿ ಹೇಳುತ್ತದೆ. ಹಳ್ಳಿಯ ಕಿರಾಣಿ ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ಸಾದಾ ಜಿಂಕ್-ಕಾರ್ಬನ್ ಸೆಲ್ಲು. ಗೋಡೆ ಗಡಿಯಾರಕ್ಕೆ ವರ್ಷ ಬರುವ ಅದು ಇಲ್ಲಿ ಬೇಗ ಕೈಕೊಡುತ್ತದೆ. ರೆಕಾರ್ಡರ್ ಎಳೆಯುವ ಕರೆಂಟಿಗೆ ಅದರ ವೋಲ್ಟೇಜು ಕುಸಿಯುತ್ತದೆ. ಊರಿಂದ ಹೊರಡುವಾಗಲೇ ‘ಆಲ್ಕಲೈನ್’ ಎಂದು ಓದಿ ಕೊಳ್ಳಿ, ಒಂದು ಜೊತೆ ಹೆಚ್ಚಿಗೆ ಇರಲಿ. ರೀಚಾರ್ಜ್ ಆಗುವ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ಲು ಇನ್ನೂ ಅಗ್ಗದ ದಾರಿ, ಆದರೆ ಅದರದು 1.2 ವೋಲ್ಟ್. ಮೆನುವಿನಲ್ಲಿ ಸೆಲ್ಲಿನ ಬಗೆಯನ್ನು ಬದಲಿಸದಿದ್ದರೆ ತುಂಬಿದ ಸೆಲ್ಲನ್ನೂ ಅರ್ಧ ಖಾಲಿ ಎಂದೇ ತೋರಿಸುತ್ತದೆ. ಪವರ್ ಬ್ಯಾಂಕಿನಿಂದಲೂ ನಡೆಸಬಹುದು. ಕೆಲವು ಪವರ್ ಬ್ಯಾಂಕುಗಳು ಇಷ್ಟು ಕಡಿಮೆ ಕರೆಂಟ್ ಎಳೆದರೆ ಏನೂ ಜೋಡಿಸಿಲ್ಲವೆಂದು ತಾವೇ ಆಫ್ ಆಗುತ್ತವೆ, ಮನೆಯಲ್ಲೇ ಅರ್ಧ ಗಂಟೆ ಪರೀಕ್ಷಿಸಿ. ಬೇಸಿಗೆಯಲ್ಲಿ ಬೈಕಿನ ಡಿಕ್ಕಿಯಲ್ಲಿ, ಮುಚ್ಚಿದ ಕಾರಿನಲ್ಲಿ ಯಂತ್ರ ಬಿಡಬೇಡಿ. ಬಳಸದ ದಿನಗಳಲ್ಲಿ ಸೆಲ್ ತೆಗೆದಿಡಿ, ಸೋರಿದ ಆಲ್ಕಲೈನ್ ಒಳಗಿನ ಪತ್ತಿಯನ್ನು ತಿಂದುಹಾಕುತ್ತದೆ. ಬಹಳ ದಿನ ಸೆಲ್ ಇಲ್ಲದೆ ಇದ್ದ ಮೇಲೆ ದಿನಾಂಕ, ಸಮಯ ಸರಿಯಿದೆಯೇ ನೋಡಿಯೇ ಶುರು ಮಾಡಿ.

32 ಬಿಟ್ ಫ್ಲೋಟಿನ ಬೆಲೆ ಕಾರ್ಡಿನಲ್ಲಿ ಕಟ್ಟಬೇಕು. 48 ಕಿಲೋಹರ್ಟ್ಸ್ (ಸೆಕೆಂಡಿಗೆ 48,000 ಸಲ ದನಿಯನ್ನು ಅಳೆಯುವ) ಸ್ಟೀರಿಯೋದಲ್ಲಿ ಗಂಟೆಗೆ ಸುಮಾರು 1.38 ಜಿಬಿ ಆಗುತ್ತದೆ. 32 ಜಿಬಿ ಕಾರ್ಡಿನಲ್ಲಿ 23 ಗಂಟೆ. ಮಾತಿಗೂ ಹಾಡಿಗೂ 48 ಸಾಕು. 96 ಹಾಕಿದರೆ ಫೈಲು ದುಪ್ಪಟ್ಟಾಗುತ್ತದೆ, ಕೇಳುವ ಕಿವಿಗೆ ವ್ಯತ್ಯಾಸ ಇಲ್ಲ. ಎಂಪಿ3ಯಲ್ಲಿ ರೆಕಾರ್ಡ್ ಮಾಡುವ ಆಯ್ಕೆಯೇ ಇದರಲ್ಲಿಲ್ಲ.

ನಕಲಿ ಕಾರ್ಡಿನ ಕಾಟ ಎಲ್ಲ ಕಡೆಯಂತೆ ಇಲ್ಲೂ ಇದೆ. ಮೇಲೆ 512 ಜಿಬಿ ಎಂದು ಬರೆದು ಒಳಗೆ ಅದರ ಕಾಲುಭಾಗವೂ ಇಲ್ಲದ ಕಾರ್ಡು ಮೊದಮೊದಲು ಸರಿಯಾಗಿಯೇ ನಡೆಯುತ್ತದೆ. ನಿಜವಾದ ಜಾಗ ತುಂಬಿದ ಮೇಲೆ ಹಳೆಯದರ ಮೇಲೆಯೇ ಬರೆಯುತ್ತ ಹೋಗುತ್ತದೆ, ಯಂತ್ರ ಏನೂ ದೂರುವುದಿಲ್ಲ. ಕೊಂಡ ದಿನವೇ ಕಂಪ್ಯೂಟರಿನಲ್ಲಿ ‘ಎಚ್2ಟೆಸ್ಟ್‌ಡಬ್ಲ್ಯೂ’ ಎಂಬ ಉಚಿತ ತಂತ್ರಾಂಶದಿಂದ ಪೂರ್ತಿ ತುಂಬಿಸಿ ಪರೀಕ್ಷಿಸಿ, ಆಮೇಲೆ ರೆಕಾರ್ಡರಿನಲ್ಲೇ ಫಾರ್ಮ್ಯಾಟ್ ಮಾಡಿ. ಒಂದು ದೊಡ್ಡ ಕಾರ್ಡಿಗಿಂತ ಎರಡು 32 ಜಿಬಿ ಕಾರ್ಡು ಮೇಲು. ಒಂದು ಕೆಟ್ಟರೆ ಅರ್ಧ ಕೆಲಸವಾದರೂ ಉಳಿಯುತ್ತದೆ.

ಕಾಲರ್ ಮೈಕು

ಫೋನಿಗೆಂದು ಮಾರುವ ಕಾಲರ್ ಮೈಕಿನ ಪಿನ್ನಿನಲ್ಲಿ ಮೂರು ಕಪ್ಪು ಉಂಗುರ ಇರುತ್ತವೆ. ರೆಕಾರ್ಡರಿಗೆ ಬೇಕಾದದ್ದು ಎರಡು ಉಂಗುರದ್ದು. ಮೂರರದ್ದನ್ನು ಹಾಗೆಯೇ ಚುಚ್ಚಿದರೆ ದನಿ ಬರದೇ ಹೋಗಬಹುದು, ಬಂದರೂ ಕ್ಷೀಣ. ಅಡಾಪ್ಟರ್ ಸಿಗುತ್ತದೆ. ಮೆನುವಿನಲ್ಲಿ ಪ್ಲಗ್-ಇನ್ ಪವರ್ (ಕಿಂಡಿಯಿಂದಲೇ ಮೈಕಿಗೆ ಕರೆಂಟು ಕೊಡುವ ಆಯ್ಕೆ) ಆನ್ ಮಾಡುವುದನ್ನು ಮರೆಯಬಾರದು, ತನ್ನದೇ ಸೆಲ್ ಇರುವ ಮೈಕಿಗಾದರೆ ಆಫ್. ಎಡಗಡೆ ಮಾತ್ರ ದನಿ ಬಂದರೆ ಗಾಬರಿ ಬೇಡ, ಒಂಟಿ ಮೈಕು ಸ್ಟೀರಿಯೋ ಕಿಂಡಿಯಲ್ಲಿ ಹಾಗೆ ನಡೆದುಕೊಳ್ಳುವುದುಂಟು. ಆಮೇಲೆ ಮೋನೋ ಮಾಡಿದರಾಯಿತು.

ಸಿಕ್ಕಿಸುವ ಜಾಗ ಮುಖ್ಯ. ಹೆಗಲ ಮೇಲಿನ ಶಲ್ಯಕ್ಕೆ, ಸೀರೆಯ ಸೆರಗಿಗೆ ಸಿಕ್ಕಿಸಿದರೆ ಅದು ಸರಿದಾಗಲೆಲ್ಲ ಉಜ್ಜುವ ಸದ್ದು. ಗಂಡಸರಿಗೆ ಅಂಗಿಯ ಎರಡನೆಯ ಗುಂಡಿಯ ಹತ್ತಿರ, ಹೆಂಗಸರಿಗೆ ಸೆರಗು ತಾಗದ ಕಡೆ ಕುಪ್ಪಸದ ಅಂಚಿಗೆ, ಅವರ ಕೈಗೇ ಕೊಟ್ಟು ಸಿಕ್ಕಿಸಿಕೊಳ್ಳಲು ಹೇಳಿ. ವೈರನ್ನು ಒಂದು ಸುತ್ತು ಹಾಕಿ ಕ್ಲಿಪ್ಪಿನೊಳಗೆ ಹಿಡಿಸಿದರೆ ಎಳೆತ ಮೈಕಿಗೆ ತಲುಪುವುದಿಲ್ಲ. ತಾಳಿ, ಸರ ತಾಗುತ್ತಿದೆಯೇ ಎಂದು ಹೆಡ್‌ಫೋನಿನಲ್ಲೇ ಕೇಳಿ ಕಂಡುಕೊಳ್ಳಬೇಕು.

ರೆಕಾರ್ಡ್ ಒತ್ತಿದ ಮೇಲೆ

ಒತ್ತಿದ ಕೂಡಲೇ ಪವರ್ ಸ್ವಿಚ್ಚನ್ನು ಹೋಲ್ಡ್ ಕಡೆ ತಳ್ಳಿ, ಕೈ ತಾಗಿ ನಿಲ್ಲುವ ಭಯ ಇರುವುದಿಲ್ಲ. ಮೊದಲ 20–30 ಸೆಕೆಂಡು ಯಾರೂ ಮಾತಾಡದೆ ಕೋಣೆಯ ಸದ್ದನ್ನಷ್ಟೇ ಹಿಡಿಯಿರಿ. ಆಮೇಲೆ ದಿನಾಂಕ, ಊರು, ತಾಲ್ಲೂಕು, ಹಾಡುವವರ ಹೆಸರು ಹೇಳಿ, ಒಪ್ಪಿಗೆ ಅವರ ಬಾಯಿಂದಲೇ ಬರಲಿ: ‘ರೆಕಾರ್ಡ್ ಮಾಡ್ಕೊಳ್ಳಾಕತ್ತೀವ್ರಿ ಯಜಮಾನ್ರ, ನಡೀತದಲ್ರಿ?’ ಎಂದರೆ ‘ಹೂಂ, ಮಾಡ್ಕೋರಿ’ ಎನ್ನುವ ಆ ಒಂದು ಮಾತು ಫೈಲಿನೊಳಗೇ ಇದ್ದರೆ ಮುಂದೆ ಯಾವ ಕಾಗದವೂ ಕಳೆದುಹೋಗುವ ಪ್ರಶ್ನೆ ಬರದು. ಅವರು ಹೇಳುವಾಗ ನಡುನಡುವೆ ‘ಹೌದ್ರಿ’, ‘ಹಾಂ’ ಎನ್ನುವ ರೂಢಿ ಬಿಟ್ಟು ತಲೆಯಾಡಿಸಿ. ಸಂದರ್ಶಕರು ಮೈಕಿಗೆ ಹತ್ತಿರ ಇರುವುದರಿಂದ ಆ ‘ಹಾಂ’ ಅಜ್ಜಿಯ ಮಾತಿಗಿಂತ ಜೋರಾಗಿ ಬಂದಿರುತ್ತದೆ.

ಕಂಪ್ಯೂಟರಿನಲ್ಲಿ ಆಡಾಸಿಟಿ ಎಂಬ ದನಿ ತಿದ್ದುವ ತಂತ್ರಾಂಶ ಸಾಕು, ಅದು ಉಚಿತ. ಮೂಲ ಫೈಲನ್ನು ಮುಟ್ಟದೆ ನಕಲು ತೆರೆಯಿರಿ. ಅಲೆ ಗಡಿ ದಾಟಿ ಕಂಡರೂ, ಗೆರೆಯಷ್ಟೇ ಕಂಡರೂ ಹೆದರಬೇಕಿಲ್ಲ. ನಾರ್ಮಲೈಜ್‌ನಲ್ಲಿ −1 ಡೆಸಿಬಲ್ ಕೊಡಿ, ಅಲೆಯ ಅತಿ ಎತ್ತರದ ತಲೆ ಗಡಿಯ ತುಸು ಕೆಳಗೆ ಬರುವಂತೆ ಇಡೀ ಫೈಲಿನ ಮಟ್ಟ ಹೊಂದುತ್ತದೆ. ಇದನ್ನು ಮಾಡದೆ ನೇರ 16 ಅಥವಾ 24 ಬಿಟ್‌ಗೆ ಎಕ್ಸ್‌ಪೋರ್ಟ್ ಮಾಡಿದರೆ ಗಡಿಯ ಮೇಲಿನದೆಲ್ಲ ಕತ್ತರಿಸಿಹೋಗುತ್ತದೆ, 32 ಬಿಟ್‌ನಲ್ಲಿ ಹಿಡಿದದ್ದೇ ವ್ಯರ್ಥ. ದಮ್ಮಡಿಯ ಒಂದೇ ಒಂದು ದೊಡ್ಡ ಪೆಟ್ಟು ಇಡೀ ಪದವನ್ನು ಕೆಳಗೆ ಹಿಡಿದಿಟ್ಟಿದ್ದರೆ ಆ ಪೆಟ್ಟನ್ನಷ್ಟೇ ಆಯ್ದು 6 ಡೆಸಿಬಲ್ ಇಳಿಸಿ, ಮತ್ತೆ ನಾರ್ಮಲೈಜ್ ಮಾಡಿ. ಮಾತಿಗೆ 80 ಹರ್ಟ್ಸ್‌ನ ಹೈಪಾಸ್ (ಅದಕ್ಕಿಂತ ಕೆಳಸ್ವರವನ್ನು ಕತ್ತರಿಸುವ ಆಯ್ಕೆ) ಹಾಕಿ, ಡೊಳ್ಳು-ಹಲಗಿ ಇದ್ದರೆ ಬೇಡ. ನಾಯ್ಸ್ ರಿಡಕ್ಷನ್ನಿಗೆ ಮೊದಲು ಹಿಡಿದ ಖಾಲಿ ಕೋಣೆಯ ಸದ್ದನ್ನು ಮಾದರಿಯಾಗಿ ಕೊಡಿ, 6ರಿಂದ 8 ಡೆಸಿಬಲ್ ದಾಟಬೇಡಿ. ಹೆಚ್ಚಾದರೆ ಏಕತಾರಿ ನೀರೊಳಗಿಂದ ಕೇಳಿದಂತೆ ಆಗುತ್ತದೆ. ಫೋನು ಮಾಡುತ್ತಿದ್ದ ತಪ್ಪನ್ನೇ ಕೈಯಾರೆ ಮಾಡಿದ ಹಾಗೆ.

ನಡುವೆ ಸೆಲ್ ಸತ್ತು ಫೈಲು ತೆರೆಯದೇ ಹೋದರೆ ಅಳಿಸಬೇಡಿ. ಆಡಾಸಿಟಿಯ ‘ರಾ ಡೇಟಾ’ ಇಂಪೋರ್ಟಿನಲ್ಲಿ 32 ಬಿಟ್ ಫ್ಲೋಟ್, ಲಿಟಲ್ ಎಂಡಿಯನ್, ಸ್ಟೀರಿಯೋ, 48000 ಎಂದು ಕೊಟ್ಟು ತೆರೆಯಿರಿ. ಬರಿ ಭರ್ ಎಂದು ಕೇಳಿದರೆ ಆಫ್‌ಸೆಟ್ಟನ್ನು 1, 2, 3 ಎಂದು ಬದಲಿಸುತ್ತ ಹೋಗಿ. ದತ್ತಾಂಶ ಕಾರ್ಡಿಗೆ ಬಿದ್ದಿದ್ದರೆ ಬಹುಪಾಲು ಮರಳಿ ಸಿಗುತ್ತದೆ.

ಇದೇ ಬೇಕೇ, ಬೇರೆ ಸಾಕೇ

ಪತ್ರಿಕಾಗೋಷ್ಠಿ, ಕೋಚಿಂಗ್ ಕ್ಲಾಸು, ಸಭೆಯ ನಡಾವಳಿ ಇಷ್ಟೇ ಕೆಲಸವಾದರೆ ಎಚ್1 ಎಸೆನ್ಷಿಯಲ್ ಬೇಕಿಲ್ಲ. ಸೋನಿಯ ಐಸಿಡಿ-ಪಿಎಕ್ಸ್470 ಥರದ್ದು ಸಾಕು. ಒಳಗೇ 4 ಜಿಬಿ ಮೆಮೊರಿ, ಮೈಯಿಂದಲೇ ಹೊರಬರುವ ಯುಎಸ್‌ಬಿ ಪಿನ್ನು, ಎಂಪಿ3 ರೆಕಾರ್ಡಿಂಗು, 128 ಕೆಬಿಪಿಎಸ್‌ನಲ್ಲಿ 55 ಗಂಟೆಯವರೆಗೆ ಸೆಲ್ಲು ಎಂದು ಕಂಪನಿಯ ಮಾತು. ಗಂಟೆಯ ಎಂಪಿ3 58 ಎಂಬಿಯೊಳಗೆ ಮುಗಿಯುವುದರಿಂದ ಕಳಿಸುವುದೂ ಸುಲಭ. ಅದರಲ್ಲಿ ಒಂದನ್ನು ಮಾತ್ರ ಆಫ್ ಇಡಿ: ದನಿ ಬಂದಾಗ ತಾನೇ ಶುರುವಾಗುವ ವಿಒಆರ್. ಪ್ರತಿ ಮಾತಿನ ಮೊದಲ ಅಕ್ಷರ ಅದರ ಬಾಯಿಗೆ ಹೋಗುತ್ತದೆ. ಹಿರಿಯರು ನೆನಪಿಸಿಕೊಳ್ಳಲು ತೆಗೆದುಕೊಂಡ ವಿರಾಮವೂ ಉಳಿಯುವುದಿಲ್ಲ.

ಹಳೆಯ ಎಚ್1ಎನ್ ಸೆಕೆಂಡ್ ಹ್ಯಾಂಡಿನಲ್ಲಿ ಸಿಕ್ಕರೆ ಅದೂ ಕೆಟ್ಟದ್ದಲ್ಲ. ಮಟ್ಟದ ಗುಂಡಿ ಇದೆ, ಎಂಪಿ3 ಇದೆ, 24 ಬಿಟ್ ಇದೆ. ಅತಿ ಜೋರಿನ ಗಳಿಗೆ −12 ಡೆಸಿಬಲ್ ದಾಟದಂತೆ ಗುಂಡಿ ಇಟ್ಟು ಕೂರುವ ತಾಳ್ಮೆ ಇದ್ದರೆ ಮಾತಿಗೆ, ಹಾಡಿಗೆ ಅದೇ ಸಾಕು. ಆದರೆ ಅದಕ್ಕೆ 32 ಜಿಬಿಗಿಂತ ದೊಡ್ಡ ಕಾರ್ಡು ನಡೆಯದು. ಕಣ್ಣು ಕಾಣದವರಿಗೆ ಎಸೆನ್ಷಿಯಲ್ಲೇ ಮೇಲು, ಮೆನುವನ್ನು ಓದಿ ಹೇಳುವ ದನಿ ಅದರಲ್ಲಿದೆ. ಕನ್ನಡದಲ್ಲಿ ಇಲ್ಲ ಎನ್ನುವುದೊಂದೇ ಕೊರಗು.

ಮೇಳವನ್ನು, ಜಾತ್ರೆಯನ್ನು, ಮತ್ತೆ ಸಿಗದ ಹಿರಿಯರ ಮಾತನ್ನು ಹಿಡಿಯುವವರಿಗೆ ನಮ್ಮ ಆಯ್ಕೆ ಎಚ್1 ಎಸೆನ್ಷಿಯಲ್. ಒಬ್ಬರೇ ಹೋಗಿ, ಪ್ರಶ್ನೆ ಕೇಳುತ್ತ, ಟಿಪ್ಪಣಿ ಬರೆಯುತ್ತ, ಜೊತೆಗೆ ಮಟ್ಟವನ್ನೂ ನೋಡುವುದು ಆಗದ ಮಾತು. ಈ ಯಂತ್ರವಿದ್ದರೆ ಮಟ್ಟ ನೋಡುವ ಆ ಒಂದು ಕೆಲಸ ತಪ್ಪುತ್ತದೆ. ಕೊಳ್ಳುವಾಗ ಭಾರತದ ವಾರಂಟಿ ಇರುವ ಬಿಲ್ಲು ಕೇಳಿ. ಬಿಲ್ಲಿಲ್ಲದ ಹೊರದೇಶದ ಮಾಲಿಗೆ ದುರಸ್ತಿಯ ದಾರಿ ಕಷ್ಟ. ಯಂತ್ರದ ಜೊತೆಗೆ 32 ಜಿಬಿಯ ಎರಡು ಕಾರ್ಡು, ತುಪ್ಪಳದ ಟೋಪಿ, 70–80 ಸೆಂ.ಮೀ. ಎತ್ತರಕ್ಕೆ ಏರುವ ಸಣ್ಣ ಟ್ರೈಪಾಡು, ವೈರಿನ ಹೆಡ್‌ಫೋನು, ನಾಲ್ಕು ಸೆಲ್ಲು, ಇಷ್ಟಕ್ಕೆ ದುಡ್ಡು ತೆಗೆದಿಟ್ಟುಕೊಂಡೇ ಹೊರಡಿ.

ಹಾಡಿದವರಿಗೆ ಪ್ರತಿ ಕೊಡುವಾಗ 32 ಬಿಟ್ ವೇವ್ ಕೊಟ್ಟರೆ ಅವರ ಫೋನಿನಲ್ಲಿ ತೆರೆಯದೇ ಹೋಗಬಹುದು. 192 ಕೆಬಿಪಿಎಸ್ ಎಂಪಿ3 ಮಾಡಿ, ವಾಟ್ಸ್ಆ್ಯಪ್‌ನಲ್ಲಾದರೆ ಡಾಕ್ಯುಮೆಂಟ್ ಆಗಿ ಕಳಿಸಿ. ಮಂಡಳಿಯ ಸ್ಪೀಕರ್ ಡಬ್ಬಕ್ಕೆ ಹಾಕುವುದಾದರೆ ಎಫ್‌ಎಟಿ32 ಫಾರ್ಮ್ಯಾಟಿನ ಪೆನ್‌ಡ್ರೈವಿನಲ್ಲಿ, ಒಂದೊಂದು ಪದಕ್ಕೆ ಒಂದೊಂದು ಫೈಲು, ಮೊದಲ ಸಾಲೇ ಹೆಸರು.